ನಾಲ್ಕನೇ ಸಲದ ಓದು

ಯಶಶ್ರೀ ನಾಲ್ಕನೇ ಸಲ ಪರೀಕ್ಷೆಗೆ ಕೂರುವವಳಿದ್ದಳು. ಹೊರದೇಶದಲ್ಲಿ ಮೆಡಿಕಲ್ ಓದಿ ಬಂದವರು ಇಲ್ಲಿ ಡಾಕ್ಟರ್ ಅನ್ನಿಸಿಕೊಳ್ಳಬೇಕಾದರೆ ದಾಟಲೇಬೇಕಾದ ಲೈಸೆನ್ಸ್ ಪರೀಕ್ಷೆ ಅದು. ಮುನ್ನೂರು ಪ್ರಶ್ನೆಯಲ್ಲಿ ನೂರೈವತ್ತು ಸರಿಯಾದರೆ ಪಾಸು. ಕಿರ್ಗಿಸ್ತಾನದ ಚಳಿಯಲ್ಲಿ ಆರು ವರ್ಷ ಕಳೆದು ಡಿಗ್ರಿ ತಂದವಳಿಗೆ ಮೊದಲ ಸಲ ನೂರ ಇಪ್ಪತ್ತೊಂದು ಬಂತು, ಆಮೇಲೆ ನೂರ ಮೂವತ್ತಮೂರು, ಆಮೇಲೆ ನೂರ ಮೂವತ್ತೊಂಬತ್ತು. 'ಏರ್ತಾ ಇದೆಯಲ್ಲಮ್ಮ' ಎಂದು ಅಪ್ಪ ವೇಣುಗೋಪಾಲ್ ಸಮಾಧಾನ ಹೇಳುತ್ತಿದ್ದರು. ಅಪ್ಪನ ಸಮಾಧಾನಕ್ಕೆ ತಲೆಯಾಡಿಸುವುದೂ ಅವಳಿಗೆ ಒಂದು ಕೆಲಸವಾಗಿಬಿಟ್ಟಿತ್ತು.

ಫಾರ್ಮಕಾಲಜಿ ಪುಸ್ತಕದಲ್ಲಿ ಗೆರೆ ಎಳೆಯದ ಸಾಲೇ ಉಳಿದಿರಲಿಲ್ಲ. ಮೊದಲ ಸಲ ಹಳದಿ, ಎರಡನೇ ಸಲ ಗುಲಾಬಿ, ಮೂರನೇ ಸಲ ಹಸಿರು. ಎಲ್ಲವೂ ಮುಖ್ಯವೆಂದು ಗುರುತು ಹಾಕಿದ ಮೇಲೆ ಯಾವುದೂ ಮುಖ್ಯವಲ್ಲದ ಹಾಗೆ ಕಾಣುತ್ತಿತ್ತು. ಬೆಳಿಗ್ಗೆ ಓದಿದ ಔಷಧದ ಹೆಸರು ಮಧ್ಯಾಹ್ನಕ್ಕೆ ಪಕ್ಕದ ಔಷಧದ ಜತೆ ಬೆರೆತುಹೋಗುತ್ತಿತ್ತು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎನ್ನುವಂಥ ಅನುಮಾನ ಪ್ರತಿ ಉತ್ತರದ ಮೇಲೂ.

ಅಪ್ಪನಿಗೆ ಚಾಮರಾಜಪೇಟೆಯಲ್ಲಿ ನಲ್ಲಿ, ಪೈಪಿನ ಅಂಗಡಿ. ಸ್ನಾನದಮನೆಗೆ ಹೊಸ ನಲ್ಲಿ ಕೊಳ್ಳಲು ಬಂದ ಗವಿಪುರದ ಶ್ರೀನಿವಾಸಯ್ಯನವರು ಮೂವತ್ತೆರಡು ವರ್ಷ ಮೆಡಿಕಲ್ ಕಾಲೇಜಿನಲ್ಲಿ ಪೆಥಾಲಜಿ ಪಾಠ ಮಾಡಿ ನಿವೃತ್ತರಾದವರೆಂದು ತಿಳಿದದ್ದೇ ತಡ, ಅಪ್ಪ ಬಿಲ್ಲು ಬರೆಯುವುದನ್ನು ಬಿಟ್ಟು ಮಗಳ ಕಥೆ ಹೇಳಿದರು. 'ನಾಳೆ ಒಂಬತ್ತಕ್ಕೆ ಕಳಿಸಿ, ಮನೇಲಿ ಖಾಲಿ ಕೂತಿರ್ತೀನಿ' ಎಂದರಂತೆ ಮೇಷ್ಟ್ರು.

ಹೀಗೆ ಮಾರ್ಚಿನಿಂದ ಅವಳು ದಿನಾ ರಾಮಕೃಷ್ಣ ಆಶ್ರಮದ ಹತ್ತಿರ ಬಸ್ಸಿಳಿದು, ಗವಿಪುರದ ಆ ಮನೆಗೆ ನಡೆದು ಹೋಗತೊಡಗಿದಳು. ಮೇಷ್ಟ್ರಿಗೆ ಎಪ್ಪತ್ನಾಲ್ಕು. ಹೆಂಡತಿ ಕೋಕಿಲಾ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ಮಾತು ಕಡಿಮೆ, ಕಾಫಿ ಗಟ್ಟಿ. ಬಾಯಿಪಾಠದ ಸೂತ್ರಗಳೆಂದರೆ ಮೇಷ್ಟ್ರಿಗೆ ಆಗದು.

"ಮೊದಲಕ್ಷರ ಜೋಡಿಸಿ ಹಾಡು ಕಟ್ಕೊಂಡ್ರೆ ಹಾಡು ನೆನಪಿರುತ್ತೆ, ರೋಗ ನೆನಪಿರಲ್ಲ. ಕಥೆ ಹೇಳು ನಂಗೆ. ಹೃದಯಕ್ಕೆ ರಕ್ತ ನಿಂತು ಅಲ್ಲಿ ಜೀವಕೋಶ ಸತ್ರೆ, ಸತ್ತ ಮೇಲೂ ಸ್ವಲ್ಪ ದಿನ ಅದರ ಆಕಾರ ಹಾಗೇ ಇರುತ್ತೆ. ಮಿದುಳಲ್ಲಿ ಸತ್ರೆ ಕರಗಿ ನೀರಾಗುತ್ತೆ. ಯಾಕೆ?"

ಯಶಶ್ರೀ ತಡವರಿಸಿ, ಅರ್ಧ ಹೇಳಿ, ಉಳಿದರ್ಧ ಅವರಿಂದ ಹೇಳಿಸಿಕೊಂಡಳು. ಒಂದೂವರೆ ತಿಂಗಳು ಹೀಗೇ ನಡೆಯಿತು. ಅವಳಿಗೆ ಸುಸ್ತೇನೂ ಕಡಿಮೆಯಾಗಲಿಲ್ಲ. ಆದರೆ ಆ ಎರಡು ಗಂಟೆ ಓದು ಓದಿನ ಹಾಗಿರುತ್ತಿತ್ತು.

ಮೇ ತಿಂಗಳ ಮೊದಲ ವಾರ ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತ ಕೇಳಿದರು, "ಹೃದಯದಲ್ಲಿ ಸತ್ರೆ ಆಕಾರ ಇರುತ್ತೆ, ಮಿದುಳಲ್ಲಿ ಕರಗುತ್ತೆ. ಯಾಕೆ?" ಪರೀಕ್ಷಿಸುತ್ತಿದ್ದಾರೆ ಅಂದುಕೊಂಡು ಅವಳು ಪೂರ್ತಿ ಉತ್ತರ ಕೊಟ್ಟಳು. ಮಾರನೇ ದಿನ ಅದೇ ಪ್ರಶ್ನೆ, ಅದೇ ಕನ್ನಡಕ ಒರೆಸುವಿಕೆ. ಅದರ ಮಾರನೇ ದಿನ ಪ್ರಶ್ನೆ ಮುಗಿಸಿ, "ಹಾಸ್ಟೆಲ್ ಊಟ ಈಗ ಪರವಾಗಿಲ್ವಾ, ಮಹಾನಂದ?" ಎಂದರು.

"ನಾನು ಯಶಶ್ರೀ, ಸರ್."

"ಹೌದು ಹೌದು" ಎಂದು ಅವರು ಚೊಂಬಿನ ನೀರು ಎತ್ತಿ ಕುಡಿದರು. ಅರ್ಧ ಗಂಟೆಯಲ್ಲಿ ಅದು ಮೂರನೇ ಸಲ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿದ ಹಾಗೆ ಮಾತು ತೊದಲುತ್ತಿತ್ತು. ಪುಸ್ತಕವನ್ನು ಮಾರು ದೂರ ಹಿಡಿದರೂ ಅಕ್ಷರ ಮಸುಕು ಎಂದು ಗೊಣಗಿದರು. ಷರಟಿನ ಗುಂಡಿ ಒಂದು ತೂತು ತಪ್ಪಿ ಕೂತಿತ್ತು.

ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಾಗ ಅವಳಿಗೆ ಮೊದಲು ಹೊಳೆದದ್ದು ಮುಪ್ಪಿನ ಮರೆವು. ಅದರ ಅಧ್ಯಾಯವನ್ನೂ ಮೂರು ಬಣ್ಣದಲ್ಲಿ ಗುರುತು ಹಾಕಿದ್ದಳು. ಆದರೆ ಆ ಮರೆವು ವರ್ಷಗಟ್ಟಲೆ ತೆವಳಿಕೊಂಡು ಬರುವಂಥದ್ದು. ಇದು ಕೆಲವೇ ದಿನದಲ್ಲಿ ಬಂದಿತ್ತು. ಒಣಗಿದ ಬಾಯಿ, ಮಸುಕಾದ ಕಣ್ಣು, ಗೊಂದಲ. ಈ ಮೂರನ್ನೂ ಒಟ್ಟಿಗೆ ಅವಳು ಎಲ್ಲೋ ಓದಿದ್ದಳು. ಎಲ್ಲಿ ಎನ್ನುವುದು ಚಾಮರಾಜಪೇಟೆ ಬರುವವರೆಗೂ ನೆನಪಾಗಲಿಲ್ಲ. ನೆನಪಾದಾಗ ಅವಳಿಗೆ ಖುಷಿಯಾಗಲಿಲ್ಲ, ಭಯವಾಯಿತು. ನರಗಳ ನಡುವೆ ಸುದ್ದಿ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ತಡೆದು ಈ ಮೂರನ್ನೂ ತರಬಲ್ಲ ಔಷಧಗಳ ಪಟ್ಟಿ ಅದು. ಕಳೆದ ಪರೀಕ್ಷೆಯಲ್ಲಿ ಆ ಭಾಗದ ಎರಡು ಪ್ರಶ್ನೆಯನ್ನೂ ಅವಳು ತಪ್ಪು ಮಾಡಿದ್ದಳು.

ಮಾರನೇ ದಿನ ಮೇಷ್ಟ್ರು ಸ್ನಾನಕ್ಕೆ ಹೋದಾಗ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದಳು, "ಆಂಟಿ, ಸರ್ ಏನೇನು ಮಾತ್ರೆ ತಗೋತಾರೆ?"

ಕೋಕಿಲಾ ಹುರುಳಿಕಾಯಿ ಸೋಸುತ್ತಿದ್ದವರು ಕೈ ನಿಲ್ಲಿಸಿದರು. "ಯಾಕಮ್ಮ?"

"ಸುಮ್ನೆ ಒಂದ್ಸಲ ನೋಡ್ತೀನಿ."

ಹಳೆಯ ಬಿಸ್ಕತ್ತಿನ ಡಬ್ಬ ಬಂತು. ಬಿಪಿ ಮಾತ್ರೆ ಹತ್ತು ವರ್ಷದ್ದು. ಪದೇ ಪದೇ ಮೂತ್ರಕ್ಕೆ ಏಳಬೇಕಾಗುತ್ತದೆಂದು ಒಬ್ಬ ಡಾಕ್ಟರು ಏಪ್ರಿಲಿನಲ್ಲಿ ಬರೆದದ್ದೊಂದು. ಕಾಲು ಉರಿಗೆಂದು ಮೂಳೆ ಡಾಕ್ಟರು ಬರೆದದ್ದು ಇನ್ನೊಂದು. ಬೇಸಿಗೆಯ ಮೈ ಕಡಿತಕ್ಕೆ ಮೆಡಿಕಲ್ ಸ್ಟೋರಿನವನು ಚೀಟಿಯಿಲ್ಲದೆ ಕೊಟ್ಟದ್ದು ಮತ್ತೊಂದು. ಕೊನೆಯ ಮೂರೂ ಅದೇ ಪಟ್ಟಿಯವು. ಒಂದೊಂದೇ ಆಗಿದ್ದರೆ ಹೇಗೋ ಏನೋ, ಮೂರೂ ಸೇರಿ ಎಪ್ಪತ್ನಾಲ್ಕರ ಮಿದುಳಿನ ಮೇಲೆ ಕೂತಿದ್ದವು.

ಯಶಶ್ರೀ ಹೇಳಿದಳು. ಹೇಳುವಾಗ ಧ್ವನಿ ಇಳಿಯಿತು. ಎರಡು ಸಲ 'ನಂಗನ್ಸುತ್ತೆ' ಎಂದಳು, ಒಂದು ಸಲ 'ತಪ್ಪಿದ್ರೂ ಇರಬಹುದು' ಎಂದಳು.

ಕೋಕಿಲಾ ಡಬ್ಬದ ಮುಚ್ಚಳ ಹಾಕಿದರು. "ಬರೆದುಕೊಟ್ಟಿರೋರು ದೊಡ್ಡ ಡಾಕ್ಟರುಗಳು. ಬೇಜಾರು ಮಾಡ್ಕೋಬೇಡ, ನೀನಿನ್ನೂ ಪಾಸಾಗ್ಬೇಕಲ್ಲಮ್ಮ."

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವಳು ಚೀಲ ತಗೊಂಡು ಹೊರಟಳು. ಎರಡು ದಿನ ಗವಿಪುರಕ್ಕೆ ಹೋಗಲಿಲ್ಲ. ಮನೆಯಲ್ಲಿ ಪುಸ್ತಕ ತೆರೆದಿಟ್ಟುಕೊಂಡು ಫ್ಯಾನು ನೋಡುತ್ತ ಮಲಗಿದಳು. ಇಷ್ಟು ವರ್ಷ ಓದಿ ಒಬ್ಬರಿಗೆ ಒಂದು ಮಾತು ಗಟ್ಟಿಯಾಗಿ ಹೇಳಲಾಗದ ಮೇಲೆ ಈ ಓದು ಯಾಕೆ ಎಂದು ಅಮ್ಮನನ್ನು ಕೇಳಬೇಕೆನ್ನಿಸಿತು. ಅಮ್ಮ ಅಳುತ್ತಾಳೆಂದು ಕೇಳಲಿಲ್ಲ.

ಮೂರನೇ ದಿನ ಬೆಳಿಗ್ಗೆ ಫೋನು ಬಂತು.

"ಯಶಶ್ರೀ, ನಾನು ಕೋಕಿಲಾ. ಮಾತ್ರೆ ಜತೆ ಇಟ್ಟಿರ್ತಾರಲ್ಲ, ಸಣ್ಣಕ್ಷರದ ಚೀಟಿ, ಮೂರನ್ನೂ ಭೂತಗನ್ನಡಿ ಹಿಡ್ಕೊಂಡು ಓದ್ದೆ. ನೀನು ಹೇಳಿದ್ದೇ ಬರೆದಿದೆ. ಇವತ್ತು ಹನ್ನೊಂದಕ್ಕೆ ಡಾಕ್ಟರ ಹತ್ರ ಹೋಗ್ತಿದೀವಿ. ನೀನೂ ಬಂದ್ಬಿಡು. ನಂಗೆ ಸರಿಯಾಗಿ ಹೇಳಕ್ಕೆ ಬರಲ್ಲ."

ಮೇಷ್ಟ್ರ ಬಿಪಿ ನೋಡುತ್ತಿದ್ದ ಡಾಕ್ಟರ ಕ್ಲಿನಿಕ್ ವಿಶ್ವೇಶ್ವರಪುರದಲ್ಲಿ. ಒಂದು ಗಂಟೆ ಕಾದರು. ಮೇಷ್ಟ್ರು ಗೋಡೆಯ ಕ್ಯಾಲೆಂಡರನ್ನೇ ನೋಡುತ್ತ, ಕ್ಲಾಸಿಗೆ ಹೊತ್ತಾಯಿತೆಂದು ಎರಡು ಸಲ ಎದ್ದು ನಿಂತರು. ಎರಡು ಸಲವೂ ಕೋಕಿಲಾ ಮಾತಾಡದೆ ಅವರ ತೋಳು ಹಿಡಿದು ಕೂರಿಸಿದರು. ಒಳಗೆ ಡಾಕ್ಟರು ಡಬ್ಬ ತೆರೆದು ಒಂದೊಂದೇ ಮಾತ್ರೆಯ ಸ್ಟ್ರಿಪ್ ಎತ್ತಿ ನೋಡಿದರು. ಆಮೇಲೆ ಕಡಿತದ್ದನ್ನೂ ಮೂತ್ರದ್ದನ್ನೂ ಪಕ್ಕಕ್ಕಿಟ್ಟು ಇವತ್ತಿಂದಲೇ ಬೇಡವೆಂದರು. ಕಾಲು ಉರಿಯದ್ದನ್ನು ಒಮ್ಮೆಗೇ ಬಿಡಬಾರದು, ಅರ್ಧರ್ಧ ಮಾಡಿ ಇಳಿಸಬೇಕೆಂದು ಬರೆದುಕೊಟ್ಟರು.

"ಇದನ್ನ ಗಮನಿಸಿದ್ದು ಯಾರು?"

"ಇವಳು" ಎಂದರು ಕೋಕಿಲಾ. "ನಮ್ಮ ಹುಡುಗಿ."

"ಡಾಕ್ಟರಾ? ಎಲ್ಲಿ ಓದಿದ್ದಮ್ಮ?"

"ಕಿರ್ಗಿಸ್ತಾನ, ಸರ್."

"ಓ" ಎಂದರು ಡಾಕ್ಟರು. ಆ 'ಓ' ಅವಳಿಗೆ ಹೊಸದಲ್ಲ. ಮದುವೆ ಮನೆಗಳಲ್ಲಿ, ನರ್ಸಿಂಗ್ ಹೋಮುಗಳಲ್ಲಿ ಕೇಳಿ ಕೇಳಿ ಅದರ ಉದ್ದ ಅಳೆಯುವಷ್ಟು ಪರಿಚಯವಿತ್ತು. ಇವರದು ಸ್ವಲ್ಪ ಚಿಕ್ಕದಿತ್ತು. "ಒಳ್ಳೇದಾಯ್ತು ಬಂದಿದ್ದು" ಎಂದು ಅವರು ಮುಂದಿನ ರೋಗಿಗೆ ಗಂಟೆ ಒತ್ತಿದರು.

ಹತ್ತು ದಿನಕ್ಕೆ ಮೇಷ್ಟ್ರ ಬಾಯಿ ಒಣಗುವುದು ನಿಂತಿತು. ಮೂರು ವಾರಕ್ಕೆ ಗುಂಡಿಗಳು ತಮ್ಮ ತೂತು ಸೇರಿದವು. ಒಂದು ಬೆಳಿಗ್ಗೆ ಕೋಕಿಲಾ ತರಕಾರಿಗೆ ಹೋದಾಗ ಅವರು ತಾವಾಗಿಯೇ ಮಾತು ತೆಗೆದರು.

"ಆ ದಿನಗಳು ನಂಗೆ ಮಂಜು ಮಂಜು. ಕೋಕಿಲಾ ಹೇಳಲ್ಲ. ನೀನು ಹೇಳು, ನಾನೇನು ಮಾಡ್ತಿದ್ದೆ?"

ಸುಳ್ಳು ಹೇಳಲು ಅವಳಿಗೆ ಶಕ್ತಿಯಿರಲಿಲ್ಲ. "ಒಂದೇ ಪ್ರಶ್ನೆ ಕೇಳ್ತಿದ್ರಿ ಸರ್. ಒಂಬತ್ತು ಸಲ. ನನ್ನನ್ನ ಮಹಾನಂದ ಅಂತಿದ್ರಿ."

ಮೇಷ್ಟ್ರು ತಲೆ ತಗ್ಗಿಸಿದರು. ಹೊರಗೆ ಸೊಪ್ಪಿನವಳು ಕೂಗಿಕೊಂಡು ಹೋದಳು. "ಒಂಬತ್ತು ಸಲಾನೂ ಉತ್ತರ ಹೇಳಿದ್ಯಾ?"

"ಹೇಳ್ದೆ."

"ಬೇಜಾರಾಗ್ಲಿಲ್ವಾ?"

"ಆಯ್ತು ಸರ್."

ಅವರು ನಕ್ಕರು, ನಗುತ್ತ ಕಣ್ಣೊರೆಸಿಕೊಂಡರು. "ಮಹಾನಂದ ಅನ್ನೋ ಹುಡುಗಿ ತೊಂಬತ್ತೊಂದರ ಬ್ಯಾಚು. ಇಂಟರ್ನ್‌ಶಿಪ್ಪಲ್ಲಿ ಕಾಮಾಲೆ ಬಂದು ತೀರ್ಕೊಂಡ್ಳು. ನಂಗೇ ಅವಳ ರಿಪೋರ್ಟು ಓದೋ ಹಾಗಾಯ್ತು." ಅಷ್ಟು ಹೇಳಿ ಪುಸ್ತಕ ತೆರೆದರು. ಆ ದಿನ ಮೂತ್ರಪಿಂಡದ ಪಾಠ. ಹನ್ನೊಂದಕ್ಕೆ ಮುಗಿಯಬೇಕಾದದ್ದು ಹನ್ನೆರಡೂವರೆಯವರೆಗೆ ನಡೆಯಿತು.

ಜೂನ್ ಕೊನೆಯಲ್ಲಿ ಪರೀಕ್ಷೆ. ಸೆಂಟರು ಊರಾಚೆ, ಎರಡು ಬಸ್ಸು ಬದಲಿಸಿ ಹೋಗಬೇಕು. ಐದು ಗಂಟೆ ಕಂಪ್ಯೂಟರ್ ಮುಂದೆ ಕೂತಳು. ಪೆಥಾಲಜಿ ಪ್ರಶ್ನೆಗಳು ಮೇಷ್ಟ್ರ ಧ್ವನಿಯಲ್ಲೇ ಕೇಳಿಸಿದವು. ಅವನ್ನು ಸಲೀಸಾಗಿ ಮುಗಿಸಿದಳು. ಆ ಮೂರು ಮಾತ್ರೆಗಳ ಬಗ್ಗೆ ಒಂದೇ ಒಂದು ಪ್ರಶ್ನೆಯೂ ಇರಲಿಲ್ಲ. ಲಸಿಕೆಗಳ ವೇಳಾಪಟ್ಟಿ, ಕುಡಿಯುವ ನೀರಿನ ಕ್ಲೋರಿನ್ ಲೆಕ್ಕ, ಅವಳು ನೋಡೇ ಇರದ ಒಂದು ಹೊಸ ಕ್ಯಾನ್ಸರ್ ಔಷಧ.

ಜುಲೈನಲ್ಲಿ ಫಲಿತಾಂಶ ಬಂತು. ನೂರ ನಲವತ್ತಾರು.

ಅಪ್ಪ ಈ ಸಲ ಏರಿದೆ ಅನ್ನಲಿಲ್ಲ. ಅಂಗಡಿಗೆ ಹೋಗದೆ ಜಗಲಿಯಲ್ಲಿ ಕೂತು ಚಪ್ಪಲಿಯ ಬಾರು ಸರಿಮಾಡುತ್ತಿದ್ದರು, ಅದು ಸರಿಯಾಗಿಯೇ ಇತ್ತು. ಯಶಶ್ರೀ ಕೋಣೆಯ ಬಾಗಿಲು ಹಾಕಿಕೊಂಡು ಚಾಪೆ ಹಾಸಿ ಮಲಗಿದಳು. ಅಳು ಬರಲಿಲ್ಲ. ಅಳುವುದಕ್ಕೂ ಎದ್ದು ಕೂರಬೇಕಲ್ಲ ಅನ್ನಿಸಿತು.

ಮಧ್ಯಾಹ್ನ ಮೇಷ್ಟ್ರೇ ಫೋನು ಮಾಡಿದರು. "ಎಷ್ಟು ಬಂತು?"

ಹೇಳಿದಳು.

"ಎಲ್ಲಿ ಹೋಯ್ತು?"

"ಕಮ್ಯುನಿಟಿ ಮೆಡಿಸಿನ್‌ನಲ್ಲಿ ಜಾಸ್ತಿ, ಸರ್. ಫಾರ್ಮಕಾಲಜೀಲೂ ಒಂದಿಷ್ಟು. ಪೆಥಾಲಜಿ ಚೆನ್ನಾಗಿತ್ತು."

"ಡಿಸೆಂಬರ್‌ದಕ್ಕೆ ಅರ್ಜಿ ಹಾಕ್ತೀಯಾ?"

ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು, ಕೋಕಿಲಾ ಏನೋ ಕೇಳಿದ್ದೂ, ಮೇಷ್ಟ್ರು ತಡಿ ಎಂದದ್ದೂ ಕೇಳಿಸಿತು. ಅವರು ಅವಸರ ಮಾಡಲಿಲ್ಲ.

"ಹಾಕ್ತೀನಿ ಸರ್" ಎಂದಳು ಕೊನೆಗೆ. "ಆದ್ರೆ ಈ ವಾರ ಬರಲ್ಲ. ತುಂಬಾ ಸುಸ್ತಾಗಿದೆ."

"ಬರಬೇಡ. ಊಟ ಮಾಡಿದ್ಯಾ?"

"ಇಲ್ಲ."

"ಮಾಡಿ ಮಲಕ್ಕೊ" ಎಂದು ಅವರು ಫೋನಿಟ್ಟರು.

ಯಶಶ್ರೀ ಎದ್ದು ಬಾಗಿಲು ತೆರೆದು, ಅಮ್ಮನಿಗೆ ತಟ್ಟೆ ಹಾಕಲು ಹೇಳಿದಳು.