ಕೆಂಪಿನ ಮೇಲೆ ಕರಿಪಟ್ಟಿ

"ಕೈ ತೆಗಿ. ನಿನ್ನ ಹೆಗಲು ಅವಳಿಗೆ ಬೇಕಾಗಿಲ್ಲ."

ಪೆಟ್ಟಿಗೆಯ ಮುಂದಿನ ಹಿಡಿ ಹಿಡಿದಿದ್ದ ದೋಣಿಯವನು ಭಾವನ ಮುಖ ನೋಡಲಿಲ್ಲ, ಹಿಡಿಯನ್ನೂ ಬಿಡಲಿಲ್ಲ. ಇಬ್ಬರೂ ಒಂದೇ ಕಡೆಗೆ ನುಗ್ಗಿದ್ದರಿಂದ ಶವಪೆಟ್ಟಿಗೆ ಬಾಗಿಲ ಚೌಕಟ್ಟಿಗೆ ಸಿಕ್ಕಿಕೊಂಡಿತ್ತು.

"ಅವಳು ನನ್ನ ಅಕ್ಕ."

"ಈಗ ನೆನಪಾಯ್ತಾ? ಆಸ್ಪತ್ರೇಲಿ ಮಲಗಿದ್ದಾಗ ಎಲ್ಲಿ ಹಾಳಾಗಿ ಹೋಗಿದ್ದೆ?"

"ನೀನು ಕರೆದ್ಯಾ?"

"ಕರೀಬೇಡಿ ಅಂದಿದ್ದೇ ಅವಳು."

ಹಿಂದುಗಡೆ ಭಾರ ಹೊತ್ತಿದ್ದ ಮುದುಕ ಪೇಂಟರ್ ಹಲ್ಲು ಕಚ್ಚಿಕೊಂಡು ಗೊಣಗಿದ: "ಜಗಳ ಆಮೇಲೆ ಆಡಿ ಸ್ವಾಮಿ. ಮೊದಲು ಓರೆ ಮಾಡಿ, ನನ್ನ ಕೈ ಸೋಲ್ತಿದೆ."

ಓರೆ ಮಾಡಿದರು. ಅಕ್ಕ ಹೊರಗೆ ಬಂದಳು.

*

ಸಂರಕ್ಷಿತ ಕಾಡು, ಕೆರೆಗಳ ಮಾಹಿತಿ ಫಲಕಗಳನ್ನು ರೂಪಿಸುವುದು ಅಕ್ಕನ ಕೆಲಸವಾಗಿತ್ತು. ಅವಳು ಬರುವ ಮುಂಚೆ ಒಂದೊಂದು ಕಾಡಿಗೆ ಒಂದೊಂದು ಬಣ್ಣ. ಒಂದರಲ್ಲಿ ಕೆಂಪು ಬಾಣವೆಂದರೆ ಶೌಚಾಲಯ, ಪಕ್ಕದ ಕಾಡಿನಲ್ಲಿ ಅದೇ ಕೆಂಪು ಬಾಣವೆಂದರೆ ಕರಡಿ. ಅವಸರದಲ್ಲಿದ್ದವರ ಗತಿ ದೇವರಿಗೇ ಪ್ರೀತಿ. ಅವಳು ಎಲ್ಲ ಕಚೇರಿಗಳ ಜೊತೆ ಗುದ್ದಾಡಿ ಎಲ್ಲ ಕಡೆಗೂ ಒಂದೇ ಕ್ರಮ ತಂದಳು: ಹಸಿರಿದ್ದರೆ ನಡೆಯಿರಿ, ಹಳದಿಯಿದ್ದರೆ ಋತು ನೋಡಿ ನಡೆಯಿರಿ, ಕೆಂಪಿದ್ದರೆ ಕಾಲಿಡಬೇಡಿ.

ತಮ್ಮನಿಗೋ ಹುಟ್ಟಿನಿಂದ ಕೆಂಪೂ ಹಸಿರೂ ಒಂದೇ. ಚಿಕ್ಕಂದಿನಲ್ಲಿ ಹಣ್ಣು ಯಾವುದು, ಕಾಯಿ ಯಾವುದು ಎಂದು ಆರಿಸಿ ಅವನ ಕೈಗಿಡುತ್ತಿದ್ದವಳು ಅವಳೇ.

ಒಂದು ವರ್ಷ ಅವನು ಪ್ರವಾಸಿಗರನ್ನು ತುಂಬಿಕೊಂಡು ಕೆರೆಯ ಕೆಂಪು ಫಲಕ ದಾಟಿ ಜೊಂಡಿನೊಳಕ್ಕೆ ದೋಣಿ ನುಗ್ಗಿಸಿದ. ಮೋಟಾರಿನ ಸದ್ದಿಗೆ ಕಾವು ಕೂತಿದ್ದ ಹಕ್ಕಿಗಳೆಲ್ಲ ಎದ್ದು ಹೋದವು. ಮೊಟ್ಟೆಗಳು ಕಾಗೆಗಳ ಪಾಲಾದವು.

ವಿಚಾರಣೆಯಲ್ಲಿ ಅವನು ಕೈ ಮುಗಿದ. "ಸಾರ್, ನನ್ನ ಕಣ್ಣಿಗೆ ಕೆಂಪು, ಹಸಿರು ಗೊತ್ತಾಗಲ್ಲ. ಹಸಿರು ಅಂದ್ಕೊಂಡು ಹೋದೆ. ಬೇಕಾದ್ರೆ ನಮ್ಮಕ್ಕನ್ನೇ ಕೇಳಿ."

ಅಧಿಕಾರಿಯ ಮುಖ ಸಡಿಲವಾಯಿತು. ಅಕ್ಕ ಎದ್ದು ನಿಂತಳು.

"ಇವನ ಕಣ್ಣು ಹಾಗಿರೋದು ನಿಜ ಸಾರ್. ಆದ್ರೆ ಆ ಜೊಂಡಲ್ಲಿ ಹಕ್ಕಿ ಗೂಡು ಕಟ್ಟುತ್ತೆ ಅಂತ ನನಗೆ ಮೊದಲು ತೋರಿಸಿದ್ದೇ ಇವನು. ಆಗ ಅಲ್ಲಿ ಬೋರ್ಡೇ ಇರ್ಲಿಲ್ಲ."

ದೋಣಿಯ ಪರವಾನಗಿ ಹೋಯಿತು. ಹೊರಗೆ ಮೆಟ್ಟಿಲ ಮೇಲೆ ಅವನು ಅವಳನ್ನು ಅಡ್ಡಗಟ್ಟಿದ.

"ಒಡಹುಟ್ಟಿದವಳಾ ನೀನು? ನೀನು ಸತ್ರೂ ನಾನು ಬರಲ್ಲ."

"ಬರಬೇಡ," ಎಂದಳು ಅವಳು. "ಸುಳ್ಳಿಗೆ ಬೇರೆ ಏನೂ ಸಿಗ್ಲಿಲ್ವಾ? ಆ ಕಣ್ಣನ್ನ ಯಾಕೋ ಎಳೆದೆ?"

*

ವ್ಯಾನಿನ ಮುಂದಿನ ಸೀಟಿನಲ್ಲಿ ಭಾವ ಬೆನ್ನು ತಿರುಗಿಸಿ ಕೂತಿದ್ದ. ಹಿಂದೆ ಪೆಟ್ಟಿಗೆಯ ಆಚೀಚೆ ದೋಣಿಯವನು ಮತ್ತು ಅಕ್ಕನ ಫಲಕಗಳಿಗೆ ಬಣ್ಣ ಬಳಿಯುತ್ತಿದ್ದ ಪೇಂಟರ್.

"ನಿನ್ನಿಂದ ನನ್ನ ಬೆನ್ನು ಬಿದ್ದುಹೋಯ್ತು," ಎಂದ ಪೇಂಟರ್ ಇದ್ದಕ್ಕಿದ್ದಂತೆ.

"ನಾನೇನು ಮಾಡ್ದೆ ನಿನಗೆ?"

"ಆ ವಿಚಾರಣೆ ಆದ್ಮೇಲೆ ಮೇಡಂ ಕೆಂಪು ಬೋರ್ಡಿಗೆಲ್ಲ ಅಡ್ಡ ಕರಿಪಟ್ಟಿ ಹೊಡಿಸಿದ್ರು. ಒಂದು ಕಾಡನ್ನೂ ಬಿಡ್ಲಿಲ್ಲ. ಇದ್ದ ಬಣ್ಣ ಸಾಲ್ದಾ ಅಂತ ಸಾಹೇಬ್ರು ಕೂಗಾಡಿದ್ರು. ಬಣ್ಣ ಕಾಣದೋರಿಗೆ ನಮ್ಮ ಬೋರ್ಡೇ ಸುಳ್ಳು ಹೇಳ್ತಿದೆ ಅಂತ ಇವ್ರೂ ಕೂಗಾಡಿದ್ರು."

ದೋಣಿಯವನು ಕಿಟಕಿಯಾಚೆ ನೋಡಿದ. "ಊರಿಗೆ ಉಪಕಾರ ಮಾಡಿದ್ಲು ಬಿಡು."

"ಒಂದೊಂದು ಬೋರ್ಡಿನ ನಕ್ಷೇನೂ ಬಣ್ಣ ಇಲ್ದೆ ಪ್ರಿಂಟ್ ತೆಗೆದು ದೂರ ಹಿಡಿದು ನೋಡೋರು. 'ಅವನಿಗೆ ಹೆಚ್ಚುಕಮ್ಮಿ ಹೀಗೇ ಕಾಣುತ್ತೆ' ಅನ್ನೋರು."

"ಅವನಿಗೆ ಅಂದ್ರೆ?"

"ಕೇಳೋ ಧೈರ್ಯ ಯಾರಿಗಿತ್ತು? ನಿನ್ನ ಸುದ್ದಿ ಎತ್ತಿದ್ರೆ ಕೈಲಿದ್ದದ್ದು ಎಸೀತಿದ್ರು."

ಮುಂದಿನ ಸೀಟಿನಿಂದ ಭಾವ ತಿರುಗದೆಯೇ ಹೇಳಿದ: "ಸುಮ್ನಿರಪ್ಪ. ಅವನಿಗೆ ಅದನ್ನೆಲ್ಲ ಕೇಳೋ ಯೋಗ್ಯತೆ ಇಲ್ಲ."

"ನಿನಗೆ ಗೊತ್ತಿತ್ತಾ?" ದೋಣಿಯವನ ದನಿ ಏರಿತು. "ಗೊತ್ತಿದ್ದೂ ಹೇಳ್ಲಿಲ್ವಾ?"

"ಯಾಕೆ ಹೇಳ್ಲಿ? ನಿನಗೆ ನೆಮ್ಮದಿಯಾಗ್ಲಿ ಅಂತಾನಾ?"

ವ್ಯಾನು ಸ್ಮಶಾನದ ಗೇಟಿನೊಳಕ್ಕೆ ತಿರುಗಿತು.

ಪೆಟ್ಟಿಗೆ ಗುಂಡಿಗಿಳಿಯಿತು. ಭಾವ ಒಂದು ಹಿಡಿ ಮಣ್ಣು ಹಾಕಿ ಹಿಂದೆ ಸರಿದ. ಗುಂಡಿ ತೋಡಿದವನು ಸಲಿಕೆ ಎತ್ತಿದ್ದೇ ತಡ, ದೋಣಿಯವನು ಅದನ್ನು ಕಿತ್ತುಕೊಂಡ.

"ಕೊಡು ಅವನಿಗೆ. ಅದು ಅವನ ಕೆಲಸ," ಎಂದ ಭಾವ.

"ಹತ್ರ ಬಂದ್ರೆ ನಿನ್ನನ್ನೂ ಇಲ್ಲೇ ಹೂತುಬಿಡ್ತೀನಿ."

ಜನ ಒಬ್ಬೊಬ್ಬರಾಗಿ ಗೇಟಿನ ಕಡೆ ಸರಿದರು. ಅವನು ಮಣ್ಣಿನ ಗುಡ್ಡೆಯ ಪಕ್ಕ ಮಂಡಿಯೂರಿದ.

"ಹಟಮಾರಿ," ಎಂದು ಗುಂಡಿಯೊಳಕ್ಕೆ ಬೈದ. "ಸಾಯೋವಾಗ್ಲಾದ್ರೂ ಒಂದು ಮಾತು ಹೇಳಿ ಕಳಿಸಬಾರ್ದಿತ್ತಾ? ನಿಂದೇ ಗೆಲ್ಲಬೇಕು. ಯಾವಾಗ್ಲೂ ನಿಂದೇ. ಕಲ್ಲೆದೆಯವಳು."

ಬೈಯುತ್ತಲೇ ಸಲಿಕೆ ತುಂಬಿ, ಆ ಮಣ್ಣಿನೊಳಗೆ ಬೆರಳಾಡಿಸಿದ. ಸಿಕ್ಕ ಕಲ್ಲುಗಳನ್ನು ಹೆಕ್ಕಿ ಪಕ್ಕಕ್ಕಿಟ್ಟ, ಹೆಂಟೆಗಳನ್ನು ಅಂಗೈಯಲ್ಲಿ ಹಿಸುಕಿ ಪುಡಿ ಮಾಡಿದ. ಆಮೇಲೆ ಗುಂಡಿಯೊಳಕ್ಕೆ ಬಾಗಿ, ಸಲಿಕೆಯನ್ನು ಕೈ ಎಟುಕುವಷ್ಟು ಕೆಳಕ್ಕೆ ಚಾಚಿ, ಸದ್ದಾಗದಂತೆ ಮಣ್ಣನ್ನು ಮುಚ್ಚಳದ ಮೇಲೆ ಜಾರಿಸಿದ. ಇನ್ನೊಂದು ಸಲಿಕೆ ತುಂಬಿಕೊಂಡು ಮತ್ತೆ ಬೈಯಲು ಶುರುಮಾಡಿದ.