ಎಣಿಸಲು ಬಿಡದ ಊರು

ಗುರುವನಿಗೆ ಮೊದಲು ಅನುಮಾನ ಬಂದದ್ದು ಚಾವಣಿಗಳನ್ನು ನೋಡಿ. ಉಪಗ್ರಹ ಚಿತ್ರದಲ್ಲಿ, ಸರೋವರದ ಉತ್ತರ ದಂಡೆಯ ಮೇಲೆ, ಎಪ್ಪತ್ತಕ್ಕೂ ಹೆಚ್ಚು ಚಾವಣಿಗಳಿದ್ದವು. ಒಂದು ಉದ್ದ ಕಟ್ಟಡ, ಅದರ ಪಕ್ಕ ಮೈದಾನ, ಶಾಲೆ ಇರಬೇಕು. ದಡದಲ್ಲಿ ದೋಣಿಗಳು. ಪಕ್ಕದ ಪರದೆಯ ಪಟ್ಟಿಯಲ್ಲಿ ಮಾತ್ರ ಆ ಊರಿನ ಜನಸಂಖ್ಯೆ ಸೊನ್ನೆ ಎಂದಿತ್ತು.

ಊರು ಇದ್ದದ್ದು ಕೆನಡಾದಲ್ಲಿ. ಗುರುವ ಕೂತಿದ್ದದ್ದು ಮಸ್ಕತ್ತಿನ ಬೌಷರ್‌ನಲ್ಲಿ, ಮಾಲ್ ಒಂದರ ಪಾರ್ಕಿಂಗ್ ಕಾಣುವ ಮೂರನೇ ಮಹಡಿಯ ಕಚೇರಿಯಲ್ಲಿ. ಕೆನಡಾದ ಒಂದು ಕಂಪನಿ ಅಲ್ಲಿನ ಕಾಡಿನ ಮೂಲಕ ವಿದ್ಯುತ್ ತಂತಿ ಎಳೆಯಬೇಕಿತ್ತು. ಮೂರು ಮಾರ್ಗಗಳಲ್ಲಿ ಯಾವುದು ಒಳ್ಳೆಯದು ಎಂದು ಈ ಕಚೇರಿ ನಕ್ಷೆ ಮಾಡಿ ಹೇಳಬೇಕು. ತಂತಿಯಿಂದ ಹತ್ತು ಕಿಲೋಮೀಟರ್ ಒಳಗೆ ಮೂಲನಿವಾಸಿಗಳು ಎಷ್ಟು ಮಂದಿ ಇದ್ದಾರೆ ಎಂಬ ಲೆಕ್ಕದಲ್ಲಿ ಪ್ರತಿ ಮಾರ್ಗಕ್ಕೂ ಅಂಕ. ಜನ ಕಡಿಮೆಯಿದ್ದಷ್ಟು ಮಾರ್ಗ ಒಳ್ಳೆಯದು. ಮೂರನೇ ಮಾರ್ಗ ಎಲ್ಲಕ್ಕಿಂತ ಮುಂದಿತ್ತು, ಏಕೆಂದರೆ ಅದರ ಬದಿಯ ಮೂರು ಊರುಗಳಲ್ಲೂ ಸೊನ್ನೆ ಇತ್ತು.

ಈ ಅಂಕಗಳ ಹಾಳೆ ತಯಾರಿಸಿದವನು ಸಹೋದ್ಯೋಗಿ ಅಕ್ಷಯ್. ಪರಿಶೀಲಿಸಬೇಕಾದವನು ಗುರುವ. ಪರಿಶೀಲಕ ಒಪ್ಪಿಗೆ ಒತ್ತದೆ ಹಾಳೆ ಕಂಪನಿಗೆ ಹೋಗುವುದಿಲ್ಲ. ಗುರುವಾರ ಮಧ್ಯಾಹ್ನ ಎರಡು ಗಂಟೆ. ಸಂಜೆಯೊಳಗೆ ಕಳಿಸಬೇಕು, ಶುಕ್ರವಾರ ಶನಿವಾರ ರಜೆ.

ಗುರುವ ಮೂಲಕ್ಕೆ ಹೋದ. ಕೆನಡಾ ಸರಕಾರದ ಗಣತಿಯ ಪಟ್ಟಿ ತೆರೆದ. ಅಲ್ಲಿ ಆ ಊರಿನ ಮುಂದೆ ಸೊನ್ನೆ ಇರಲಿಲ್ಲ. ಏನೂ ಇರಲಿಲ್ಲ. ಖಾಲಿ ಜಾಗದ ಪಕ್ಕ ಸಣ್ಣ ಗುರುತು, ಕೆಳಗೆ ಅಡಿಟಿಪ್ಪಣಿ: ಇಲ್ಲಿ ಗಣತಿಗೆ ಅನುಮತಿ ಸಿಗಲಿಲ್ಲ, ಅಥವಾ ಮುಗಿಯುವ ಮೊದಲೇ ಗಣತಿ ನಿಂತಿತು. ಸೊನ್ನೆ ಇದ್ದ ಉಳಿದೆರಡು ಊರುಗಳ ಮುಂದೆಯೂ ಅದೇ ಗುರುತು. ಮೊದಲ ಊರಿನವರದೇ ಒಂದು ಜಾಲತಾಣವಿತ್ತು. ಗಣತಿಯವರನ್ನು ಒಳಗೆ ಬಿಡಬಾರದೆಂದು ತಮ್ಮ ಸಭೆ ತೀರ್ಮಾನಿಸಿದೆ, ನಮ್ಮ ಲೆಕ್ಕ ನಮ್ಮ ಬಳಿ ಇದೆ, ಬೇಕಾದವರು ಬಂದು ಕೇಳಲಿ ಎಂದು ಬರೆದಿದ್ದರು. ಇನ್ನೊಂದು ಪುಟದಲ್ಲಿ, ಊರ ಹಬ್ಬದ ಸುದ್ದಿಯ ನಡುವೆ, ತಮ್ಮ ಸದಸ್ಯರು ನಾನೂರ ಹನ್ನೆರಡು ಎಂದಿತ್ತು.

ಅಕ್ಷಯ್‌ನನ್ನು ಕೇಳಿದರೆ ಅವನು ಮುಚ್ಚಿಡಲಿಲ್ಲ. ಖಾಲಿ ಬಿಟ್ಟರೆ ಸಾಫ್ಟ್‌ವೇರ್ ನಿಂತುಬಿಡುತ್ತದೆ, ಹಾಗಾಗಿ ಖಾಲಿ ಇರುವಲ್ಲೆಲ್ಲ ಒಂದೇ ಸಲಕ್ಕೆ ಸೊನ್ನೆ ತುಂಬಿಸಿದೆ, ಯಾವಾಗಲೂ ಹಾಗೇ ಮಾಡುವುದು ಎಂದ.

"ಅದು ಖಾಲಿ ಅಲ್ಲ," ಎಂದ ಗುರುವ. "ಅವರು ಬೇಡ ಅಂದದ್ದು."

"ಹಾಗಾದ್ರೆ ನಾನೂರ ಹನ್ನೆರಡು ಹಾಕುವ ಮಾರಾಯ. ಖಲಾಸ್."

"ಅದನ್ನೂ ಹಾಕ್ಲಿಕ್ಕಾಗುದಿಲ್ಲ. ಬಂದು ಕೇಳಿ ಅಂತ ಬರ್ದಿದ್ದಾರೆ. ಯಾರು ಕೇಳಿದ್ದು? ನೀನಾ?"

ಅಕ್ಷಯ್ ಕೆಟ್ಟವನಲ್ಲ. ಇಬ್ಬರೂ ಅಲ್ ಹೈಲ್‌ನಲ್ಲಿ ಒಂದೇ ಕೋಣೆಯಲ್ಲಿದ್ದರು. ಕಳೆದ ವರ್ಷ ಕರಾವಳಿಯವರ ಸಂಘಕ್ಕೆ ಅವನೇ ಗುರುವನನ್ನು ಕರೆದೊಯ್ದಿದ್ದ. ಸದಸ್ಯತ್ವದ ಅರ್ಜಿಯಲ್ಲಿ ಜಾತಿಯ ಜಾಗವನ್ನು ಗುರುವ ಬರೆಯದೆ ಬಿಟ್ಟಿದ್ದ. ಕೌಂಟರಿಗೆ ಕೊಡುವ ಮೊದಲು ಅಕ್ಷಯ್ ಅಲ್ಲಿ ತನ್ನದೇ ಜಾತಿ ಬರೆದ. ಗೆಳೆಯನಿಗೆ ಮುಜುಗರವಾಗಬಾರದೆಂದು. ಗುರುವ ಎಂಬ ಹೆಸರು ಕೇಳಿಯೇ ಅವನಿಗೆ ಜಾತಿ ಹೊಳೆದಿತ್ತೆಂದು ಗುರುವನಿಗೂ ಗೊತ್ತಾಯಿತು. ಗುರುವ ಅರ್ಜಿ ಹರಿದುಹಾಕಿ ಹೊರಬಂದಿದ್ದ. ಆಮೇಲೆ ಇಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ.

ಮೂರು ಗಂಟೆಗೆ ಗ್ಲಾಡ್ವಿನ್ ಬಂದ. ತಂಡದ ಮುಖ್ಯಸ್ಥ, ಮಂಗಳೂರಿನವ, ಇಪ್ಪತ್ತೆರಡು ವರ್ಷದಿಂದ ಒಮಾನಿನಲ್ಲಿದ್ದವ. ರುಸೈಲ್‌ನ ಪೈಪ್ ಕಾರ್ಖಾನೆಯಲ್ಲಿ ಡ್ರಾಯಿಂಗ್ ಮಾಡುತ್ತಿದ್ದ ಗುರುವನನ್ನು ಎರಡು ವರ್ಷದ ಹಿಂದೆ ಇಲ್ಲಿಗೆ ತಂದವನೂ ಅವನೇ. ಗುರುವನ ವೀಸಾ ಮುಗಿಯಲು ಇನ್ನು ಇಪ್ಪತ್ತಮೂರು ದಿನ ಇತ್ತು. ನವೀಕರಣದ ಕಾಗದವನ್ನು ಎಚ್‌ಆರ್‌ನ ಹಿಬಾ ಬೆಳಿಗ್ಗೆಯೇ ಗ್ಲಾಡ್ವಿನ್‌ನ ಮೇಜಿನ ಮೇಲೆ ಇಟ್ಟು ಹೋಗಿದ್ದಳು. ಅವನು ಸಹಿ ಹಾಕಿದರೆ ಕೆಲಸ ಉಳಿಯುತ್ತದೆ. ಇಲ್ಲದಿದ್ದರೆ ಊರಿನ ಟಿಕೆಟ್.

ಗುರುವ ಹೇಳಿದ್ದನ್ನೆಲ್ಲ ಗ್ಲಾಡ್ವಿನ್ ಕೇಳಿಸಿಕೊಂಡ. ದಡ್ಡನಲ್ಲ, ಕೂಡಲೇ ಅರ್ಥವಾಯಿತು. ವರದಿಯ ನಲವತ್ತನೇ ಪುಟದಲ್ಲಿ ಮೂರು ಊರುಗಳ ಮಾಹಿತಿ ಲಭ್ಯವಿಲ್ಲ ಎಂದು ಒಂದು ಸಾಲು ಸೇರಿಸು, ಒಪ್ಪಿಗೆ ಒತ್ತು ಎಂದ. ಅಂಕ ಹಾಗೇ ಉಳಿಯುತ್ತದಲ್ಲ ಎಂದ ಗುರುವ. ನಲವತ್ತನೇ ಪುಟ ಯಾರೂ ಓದುವುದಿಲ್ಲ, ಮೊದಲ ಪುಟದಲ್ಲಿ ಮೂರನೇ ಮಾರ್ಗವೇ ಇರುತ್ತದೆ.

ನಾವು ತಂತಿ ಎಳೆಯುವವರಲ್ಲ, ನಕ್ಷೆ ಮಾಡುವವರು ಎಂದ ಗ್ಲಾಡ್ವಿನ್. ಅವರ ಮೀಸಲು ನೆಲದ ಗಡಿಯನ್ನು ತಂತಿ ಮುಟ್ಟುವುದೂ ಇಲ್ಲ, ಅರ್ಧ ಕಿಲೋಮೀಟರ್ ಆಚೆ ಹೋಗುತ್ತದೆ ಎಂದೂ ಸೇರಿಸಿದ. ಗುರುವ ಪರದೆಯ ಮೇಲೆ ಆ ಗಡಿಯಾಚೆ ಕಾಣುವ ಬೇಟೆಯ ಗುಡಿಸಲುಗಳನ್ನು, ದೋಣಿದಾರಿಯನ್ನು ತೋರಿಸಿದ. ಆ ಗಡಿ ಸರಕಾರ ಎಳೆದದ್ದು, ಜನ ಅದರೊಳಗೇ ತಿರುಗುತ್ತಾರೆಂದು ಯಾರು ಹೇಳಿದರು?

ಕೊನೆಗೆ ಗ್ಲಾಡ್ವಿನ್ ಕನ್ನಡಕ ತೆಗೆದ.

"ಅವರು ನಿನಗೆ ಎಂತ ಆಗ್ಬೇಕು? ನಿನ್ನ ಅಜ್ಜಿ ಮನೆಯವರಾ?"

ಅಕ್ಷಯ್ ಸಣ್ಣಗೆ ನಕ್ಕು ನಿಲ್ಲಿಸಿದ.

"ಅಲ್ಲ ಸರ್," ಎಂದ ಗುರುವ. "ನಾನು ಕೊರಗ. ಅಜ್ಜಿ ಮನೆ ವಿಷಯ ನೀವೇ ತೆಗ್ದದ್ದು, ಹೇಳ್ತೇನೆ. ನಾನು ಎಂಟನೇ ಕ್ಲಾಸಲ್ಲಿ ಇರುವಾಗ ನಮ್ಮ ಕಾಲನಿಗೆ ಸರ್ವೆಯವರು ಬಂದ್ರು. ಅದು ಮೂರನೇ ಸಲ. ತಲೆ ಅಳತೆ ತಗೊಳ್ಳುದು, ರಕ್ತ ತಗೊಳ್ಳುದು, ಹೋಗುದು. ಎಂತಕ್ಕೆ ಅಂತ ಒಬ್ಬರೂ ಹೇಳ್ಲಿಲ್ಲ. ಆ ಸಲ ಅಜ್ಜಿ ಬಾಗಿಲು ಹಾಕಿದ್ರು. ಹದಿನೇಳು ಮನೆಯವರೂ ಹಾಕಿದ್ರು. ಒಳಗಿಂದ ಮಾತಾಡುದು ಅವರಿಗೆ ಕೇಳ್ತಿತ್ತು. ಆದ್ರೂ ಮನೆಗಳು ಖಾಲಿ ಅಂತ ಬರ್ಕೊಂಡು ಹೋದ್ರು."

"ಆಮೇಲೆ?" ಎಂದ ಗ್ಲಾಡ್ವಿನ್.

"ಎರಡು ವರ್ಷ ಬಿಟ್ಟು ಹಿಂದಿನ ಗುಡ್ಡೆಗೆ ಪೇಟೆಯ ಕಸ ಬಂತು. ಕೇಳಿದ್ರೆ ಆ ಕಾಗದ ತೋರಿಸಿದ್ರು. ಜನವಸತಿ ಇಲ್ಲ ಅಂತ."

ಕರಾವಳಿಯ ಮೂಲನಿವಾಸಿಗಳಾದ ಕೊರಗರ ಹೆಸರು ಎರಡು ವರ್ಷದಲ್ಲಿ ಆ ಕಚೇರಿಯೊಳಗೆ ಕೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಗುರುವನಿಗೆ ಹಗುರವೇನೂ ಆಗಲಿಲ್ಲ. ಸಂಜೆ ಕೋಣೆಯಲ್ಲಿ, ಮುಂದಿನ ವಾರ ಊಟದ ಮೇಜಿನಲ್ಲಿ ಏನೇನು ಬದಲಾಗಬಹುದೆಂದು ಅವನಿಗೆ ಗೊತ್ತಿತ್ತು.

ಗ್ಲಾಡ್ವಿನ್ ಕರಗಲಿಲ್ಲ. ಗುರುವನ ಕಡೆ ತಿರುಗದೆ, ಮೆಲ್ಲಗೆ ಹೇಳಿದ:

"ಒಪ್ಪಿಗೆ ಒತ್ತದಿದ್ರೆ ತಿರಸ್ಕಾರ ಒತ್ತು. ಆದ್ರೆ ಕಾರಣದ ಜಾಗದಲ್ಲಿ ಎಂತದೂ ಬರಿಬೇಡ. ಟೆಕ್ನಿಕಲ್ ಪ್ರಾಬ್ಲಮ್ ಅಂತ ನಾನು ಕಂಪನಿಗೆ ಫೋನಲ್ಲಿ ಹೇಳ್ತೇನೆ. ಭಾನುವಾರ ಬೇರೆಯವರು ಚೆಕ್ ಮಾಡ್ತಾರೆ. ನಿನ್ನ ಕಾಗದಕ್ಕೆ ಈಗಲೇ ಸೈನ್ ಹಾಕ್ತೇನೆ. ನಿನಗೂ ಒಳ್ಳೆದು, ನನಗೂ ಒಳ್ಳೆದು."

ಒಳ್ಳೆಯ ಪ್ರಸ್ತಾಪವೇ. ಗುರುವ ಅದನ್ನು ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ತಂಗಿ ನರ್ಸಿಂಗ್ ಎರಡನೇ ವರ್ಷದಲ್ಲಿದ್ದಳು. ಊರಿನಲ್ಲಿ ಇಂಥ ಕೆಲಸ ಸಿಗುವುದು ಸುಲಭವಿರಲಿಲ್ಲ. ಕಾರಣ ಬರೆಯದೆ ಬಿಟ್ಟರೆ ಭಾನುವಾರ ಯಾರೋ ಬಂದು ತಮಗೆ ಬೇಕಾದ ಕಾರಣ ತುಂಬಿಸುತ್ತಾರೆ. ಅದೂ ಅವನಿಗೆ ಗೊತ್ತಿತ್ತು.

ಅವನು ಕೀಲಿಮಣೆ ಎಳೆದುಕೊಂಡ. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದ. ಮೂರು ಊರುಗಳ ಜನಸಂಖ್ಯೆ ಸೊನ್ನೆಯಲ್ಲ. ಅವರು ಗಣತಿಗೆ ಅನುಮತಿ ಕೊಟ್ಟಿಲ್ಲ. ಸೊನ್ನೆ ತುಂಬಿಸಿದ್ದು ನಮ್ಮ ಕಚೇರಿ. ಆ ಊರುಗಳನ್ನು ಕೇಳದೆ ಮೂರನೇ ಮಾರ್ಗಕ್ಕೆ ಅಂಕ ಕೊಡುವಂತಿಲ್ಲ. ಕೆಳಗೆ ತನ್ನ ಪೂರ್ತಿ ಹೆಸರು. ಒಮ್ಮೆ ತಿರಸ್ಕಾರ ಒತ್ತಿದರೆ ಈ ಕಾರಣ ನೇರ ಕಂಪನಿಗೆ ಹೋಗುತ್ತದೆ, ಅಳಿಸಲು ಇಲ್ಲಿ ಯಾರಿಗೂ ಆಗುವುದಿಲ್ಲ.

"ಗುರುವ," ಎಂದ ಗ್ಲಾಡ್ವಿನ್.

ಗುರುವ ಒತ್ತಿದ.

ಗ್ಲಾಡ್ವಿನ್ ತನ್ನ ಮೇಜಿಗೆ ಹೋಗಿ ನವೀಕರಣದ ಕಾಗದವನ್ನು ಡ್ರಾಯರಿನೊಳಗೆ ಇಟ್ಟ. ಬೈಯಲಿಲ್ಲ. ಫೋನ್ ಹಿಡಿದು ಗಾಜಿನ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಅಲ್ಲಿ ಅವನು ಕೈ ಆಡಿಸುತ್ತಾ ಯಾರಿಗೋ ವಿವರಿಸುವುದು ಹೊರಗಿನಿಂದ ಕಾಣುತ್ತಿತ್ತು. ಗುರುವ ಮುಂದಿನ ಕೆಲಸ ತೆರೆದ. ಇಪ್ಪತ್ತಮೂರು ದಿನದ ಸಂಬಳ ಇನ್ನೂ ಇತ್ತು.

ಸುಮಾರು ಅರ್ಧ ಗಂಟೆ ಕಳೆಯಿತು. ಅಕ್ಷಯ್ ಕುರ್ಚಿಯನ್ನು ಗುರುವನ ಕಡೆ ತಿರುಗಿಸಿದ.

"ಕಳೆದ ತಿಂಗಳು ಕಳ್ಸಿದ್ದೇವಲ್ಲ, ಪೂರ್ವದ ಕಡೆಯ ಹಾಳೆ. ಅದ್ರಲ್ಲಿಯೂ ನಾನು ಎರಡು ಊರಿಗೆ ಹಾಗೇ ಸೊನ್ನೆ ಹಾಕಿದ್ದೇನೆ."

"ಅದನ್ನು ಚೆಕ್ ಮಾಡಿದ್ದು ನಾನೇ," ಎಂದ ಗುರುವ. "ನೋಡ್ಲಿಲ್ಲ."

"ಈಗ ಎಂತ ಮಾಡುದು?"

ಗುರುವ ಆ ಹಾಳೆಯನ್ನು ಹುಡುಕಿ ತೆರೆದ.

"ಯಾವ ಊರು ಅಂತ ಹೇಳು. ಕಂಪನಿಗೆ ಬರಿಯುವ. ಈ ಸಲ ಕೆಳಗೆ ನಿನ್ನ ಹೆಸರೂ ಬೇಕು."

ಅಕ್ಷಯ್ ಗಾಜಿನ ಕೋಣೆಯ ಕಡೆ ಒಮ್ಮೆ ನೋಡಿದ. ಆಮೇಲೆ ಕುರ್ಚಿಯನ್ನು ಹತ್ತಿರ ಎಳೆದು ಮೊದಲ ಊರಿನ ಹೆಸರು ಓದಿ ಹೇಳಿದ.