ಕಿಟಕಿಗೆ ಹೊದಿಸಿದ ಹೊದಿಕೆ

ಮೇಲಿನ ಮಹಡಿಯ ಆ ಫ್ಲ್ಯಾಟಿನಲ್ಲಿ ಮಗುವಿಗೆ ಮೈತುಂಬ ಬೆವರುಸಾಲೆ. ಮೂರು ದಿನದಿಂದ ಮಧ್ಯಾಹ್ನ ಅದು ಕಣ್ಣು ಮುಚ್ಚಿರಲಿಲ್ಲ. ಎಸಿ ಹಾಕಿಸೋಣ ಎಂದು ಹೇಳಿ ಮಗುವಿನ ಅಪ್ಪ ಕೆಲಸಕ್ಕೆ ಹೋದ. ಗಾಳಿಯಾಡಲಿ ಎಂದು ಸೊಸೆ ಕಿಟಕಿಗಳನ್ನೆಲ್ಲ ತೆರೆದಳು. ಮೂವತ್ತು ವರ್ಷ ಐಸ್ ಫ್ಯಾಕ್ಟರಿಯ ಉಗ್ರಾಣ ನೋಡಿಕೊಂಡಿದ್ದ ಮಾವ ಹಿಂದೆಯೇ ಒಂದೊಂದಾಗಿ ಮುಚ್ಚುತ್ತ ಬಂದರು.

“ಮಾವ, ಉಸಿರು ಕಟ್ಟುತ್ತೆ!”

“ಹೊರಗೆ ಒಲೆ ಮುಂದಿನ ಗಾಳಿ ಇದೆ, ಅದನ್ನ ಕರೆದು ಕೂರಿಸ್ತೀಯಲ್ಲಮ್ಮ! ಸಂಜೆ ತಂಪಾದ ಮೇಲೆ ತೆಗಿ. ಹಗಲು ಹೊತ್ತು ಉಗ್ರಾಣದ ಬಾಗಿಲು ತೆಗೆದಿಟ್ಟಿದ್ರೆ ನನ್ನ ಕೆಲಸ ಅವತ್ತೇ ಹೋಗ್ತಿತ್ತು.”

ಅಷ್ಟಕ್ಕೇ ಬಿಡದೆ, ಅವಳ ಹೊಸ ಬಿಳಿ ಹೊದಿಕೆಯನ್ನು ಪಶ್ಚಿಮದ ಕಿಟಕಿಯ ಹೊರಗಿನ ಸರಳುಗಳಿಗೆ ಕಟ್ಟಿದರು.

“ಅಯ್ಯೋ, ನನ್ನ ಹೊದಿಕೆ! ಒಳಗೆ ಪರದೆ ಇದೆಯಲ್ಲ?”

“ಬಿಸಿಲು ಗಾಜು ದಾಟಿದ ಮೇಲೆ ಪರದೆ ಎಳೆಯೋದು, ಕಳ್ಳ ಒಳಗೆ ಬಂದ ಮೇಲೆ ಬಾಗಿಲು ಹಾಕಿದ ಹಾಗೆ.”

ಸೊಸೆ ಮುಖ ಊದಿಸಿಕೊಂಡು ಅಡುಗೆಮನೆ ಸೇರಿದಳು. ಮೂರು ಗಂಟೆಯಾದರೂ ಮಗುವಿನ ಅಳು ಕೇಳಲಿಲ್ಲ. ಗಾಬರಿಯಿಂದ ಬಂದು ನೋಡಿದರೆ, ಫ್ಯಾನಿನ ಕೆಳಗೆ ಅದು ಬಾಯಿ ತೆರೆದು ಗಾಢ ನಿದ್ದೆಯಲ್ಲಿತ್ತು. ಪಕ್ಕದಲ್ಲಿ ಮಾವನೂ ಹಾಗೆಯೇ.

ಅಷ್ಟರಲ್ಲಿ ಗಂಡನ ಫೋನ್ ಬಂತು. “ಎಸಿಯವರು ನಾಳೆ ಬರ್ತಾರಂತೆ.”

“ಬೇಡ ಅನ್ನಿ,” ಎಂದು ಅವಳು ಪಿಸುಗುಟ್ಟಿದಳು. “ಬರ್ತಾ ಒಂದು ಹೊದಿಕೆ ತನ್ನಿ. ನನ್ನದನ್ನ ಕಿಟಕಿ ಹೊದ್ಕೊಂಡಿದೆ.”